ತಾಮ್ರದ ಬಿಲ್ಲೆಯ ಮೇಲೆ ಹಳದಿ ಬೆಳಕು

ಪ್ರಯೋಗಶಾಲೆಯ ಕೆಲಸಕ್ಕೆ ಸೇರುವ ಹುಡುಗರು ಈಗಲೂ ಕೆಲವರು ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಯಾವ ಪುಸ್ತಕ ಓದಬೇಕು? ಪುಸ್ತಕ ಬೇಕಾದಷ್ಟಿವೆ, ಓದಿ. ಆದರೆ ಮೊದಲು ಒಂದು ಗಾಜಿನ ಕೊಳವೆಯೊಳಗಿನ ಗಾಳಿಯನ್ನು ಹೊರಗೆ ತೆಗೆದು ನೋಡಿ. ಒಳಗೆ ಏನೂ ಇಲ್ಲದಂತೆ ಮಾಡುವುದು ಎಷ್ಟು ಕಷ್ಟ ಎಂದು ಒಂದು ವಾರದಲ್ಲಿ ಗೊತ್ತಾಗುತ್ತದೆ. ನಾನು ಬದುಕು ಕಟ್ಟಿಕೊಂಡದ್ದೇ ಹಾಗೆ, ಏನೂ ಇಲ್ಲದ್ದನ್ನು ಒದಗಿಸಿಕೊಟ್ಟು. ಇಂಥ ವ್ಯಾಪಾರ ಸಂತೆಯಲ್ಲಿ ಯಾರೂ ಮಾಡಿರಲಾರರು.

ನನ್ನ ಹೆಸರು ಗಫಾರ್. ಅಪ್ಪ ಮದ್ದೂರಿನ ಸ್ಟೇಷನ್ ರಸ್ತೆಯಲ್ಲಿ ಗ್ಯಾಸ್‌ಲೈಟು, ಸ್ಟವ್ವು ರಿಪೇರಿ ಮಾಡುತ್ತಿದ್ದರು. ಪಂಪು ಹೊಡೆದರೆ ಗಾಳಿ ಎಲ್ಲಿ ಸೋರುತ್ತದೆ ಎಂದು ಕಿವಿಯಲ್ಲೇ ಹೇಳುವ ವಿದ್ಯೆ ಅವರದು, ಅದೇ ನನಗೆ ಬಂದ ಆಸ್ತಿ. ಯುದ್ಧ ಜೋರಾಗಿದ್ದ ಕಾಲದಲ್ಲಿ ಡಾಕ್ಟರ್ ಸೇತುರಾಮಯ್ಯ ಎಂಬುವರು ಮಂಡ್ಯದಲ್ಲಿ ಒಂದು ಹಳೆಯ ಬೆಲ್ಲದ ಗೋದಾಮು ಹಿಡಿದು ಪ್ರಯೋಗಶಾಲೆ ಮಾಡಿದರು, ಸೋರುವುದನ್ನು ಮುಚ್ಚಲು, ಸಾಮಾನು ಹೊಂದಿಸಲು ನನ್ನನ್ನು ಇಟ್ಟುಕೊಂಡರು. ವಿಲಾಯಿತಿಯಲ್ಲಿ ಓದಿ ಬಂದವರು. ಬೆಂಗಳೂರಿನಲ್ಲಿ ಮೇಲಿನವರ ಜೊತೆ ಸರಿಹೋಗದೆ ಇಲ್ಲಿಗೆ ಬಂದರು ಎಂಬ ಮಾತಿತ್ತು. ಅವರನ್ನು ಕೇಳಿದರೆ, ಶಿವನಸಮುದ್ರದ ಕರೆಂಟು ಹತ್ತಿರ, ಸಕ್ಕರೆ ಕಾರ್ಖಾನೆಯಲ್ಲಿ ಲೇತು ಇದೆ, ಅದಕ್ಕೆ ಬಂದೆ ಎನ್ನುತ್ತಿದ್ದರು. ಎರಡೂ ನಿಜವೇ ಇರಬೇಕು. ಬೋರ್ಡಿನಲ್ಲಿ ‘ಡಾಕ್ಟರ್’ ಎಂದು ಬರೆಸಿದ್ದೇ ತಪ್ಪಾಯಿತು. ಒಂದು ದಿನ ಕೆರಗೋಡಿನಿಂದ ಒಬ್ಬ ಮುದುಕ ಮಂಡಿನೋವು ಎಂದು ಬಂದು ಬೆಂಚಿನ ಮೇಲೆ ಕೂತೇಬಿಟ್ಟ.

“ನಾನು ಆ ಡಾಕ್ಟರ್ ಅಲ್ಲಪ್ಪ. ನಾನು ಅಯಾನುಗಳನ್ನ ನೋಡೋನು” ಎಂದರು ಇವರು.

“ಯಾರ್ನಾರಾ ನೋಡಿ ಸ್ವಾಮಿ, ಆಮ್ಯಾಕೆ ನನ್ನೂ ನೋಡಿ. ಕರೆಂಟು ಕೊಟ್ರೆ ನೋವು ಓಯ್ತದಂತೆ.”

“ನಾನು ಕಾಯಿಲೆ ವಾಸಿ ಮಾಡೋ ಡಾಕ್ಟರ್ ಅಲ್ಲ.”

ಮುದುಕ ಎದ್ದು ಟವಲು ಕೊಡವಿದ. “ಕಾಯ್ಲೆ ವಾಸಿ ಮಾಡ್ದೆ ಇದ್ಮ್ಯಾಕೆ ನೀವು ಯಾವ ಸೀಮೆ ಡಾಕ್ಟ್ರು ಬುಡಿ” ಎಂದು ಹೇಳಿ ಹೊರಟುಹೋದ. ಆ ಪ್ರಶ್ನೆಗೆ ಡಾಕ್ಟರು ಒಂದು ವಾರ ಉತ್ತರ ಹುಡುಕಿದರು.

ಅಯಾನು ಎಂದರೆ ಏನು ಎಂದು ನನಗೂ ಅವರೇ ಹೇಳಿಕೊಟ್ಟದ್ದು. ನನ್ನ ಭಾಷೆಯಲ್ಲಿ ಹೇಳುವುದಾದರೆ, ಸಂತೆಯಲ್ಲಿ ಜೇಬು ಕತ್ತರಿಸಿಕೊಂಡವನೇ ಅಯಾನು. ಪರಮಾಣುವಿನಿಂದ ಒಂದು ಎಲೆಕ್ಟ್ರಾನು ಕಿತ್ತುಹೋದರೆ ಅದಕ್ಕೆ ನೆಮ್ಮದಿ ಇರುವುದಿಲ್ಲ. ಸಿಕ್ಕವರಿಗೆಲ್ಲ ಡಿಕ್ಕಿ ಹೊಡೆಯುತ್ತದೆ, ಯಾರ ಜೇಬಿನಿಂದಲಾದರೂ ಒಂದು ಎಲೆಕ್ಟ್ರಾನು ಕಿತ್ತುಕೊಳ್ಳುತ್ತದೆ, ಆಮೇಲೆ ಸಾಧುವಿನಂತೆ ಮುಂದೆ ಹೋಗುತ್ತದೆ. ಕಳೆದುಕೊಂಡದ್ದು ಈಗ ಇನ್ನೊಂದು. ಗಾಳಿಯ ಅಣುವಿಗೆ ಡಿಕ್ಕಿ ಹೊಡೆದರೆ ಏನಾಗುತ್ತದೆ, ಲೋಹಕ್ಕೆ ಹೊಡೆದರೆ ಏನಾಗುತ್ತದೆ, ಇದೇ ಡಾಕ್ಟರ ಸಂಶೋಧನೆ. ಗಾಳಿ ತೆಗೆದ ಗಾಜಿನ ಕೊಳವೆಯಲ್ಲಿ ಚೂರು ಹೈಡ್ರೋಜನ್ ಬಿಟ್ಟು ಭಾರಿ ವೋಲ್ಟೇಜು ಕೊಡುವುದು. ಅಯಾನುಗಳು ಒಂದು ತೂತಿನಿಂದ ನುಗ್ಗಿ ಕೊನೆಯಲ್ಲಿಟ್ಟ ತಾಮ್ರದ ಬಿಲ್ಲೆಗೆ ಬಡಿಯುತ್ತಿದ್ದವು. ದಿನಗಟ್ಟಲೆ ಬಡಿದರೆ ತಾಮ್ರ ಎದ್ದು ಗಾಜಿನ ಒಳಮೈಗೆ ಮೆತ್ತಿ ಕೆಂಪು ಕನ್ನಡಿಯಂತಾಗುತ್ತಿತ್ತು. ಪಂಪು ನೋಡಿಕೊಳ್ಳುತ್ತಿದ್ದ ಯಲಿಯೂರಿನ ಚಿಕ್ಕೇಗೌಡ ಅದರಲ್ಲಿ ಮೀಸೆ ತಿದ್ದಿಕೊಳ್ಳುತ್ತಿದ್ದ.

ನಿಮಗೆ ಈಗ ಸ್ಟೀಲಿನ ಕೊಳವೆ, ಬೋಲ್ಟು, ಸೀಲು ಎಲ್ಲ ಪೆಟ್ಟಿಗೆಯಲ್ಲಿ ಬರುತ್ತವೆ. ನಮಗೆ ಯುದ್ಧದ ದೆಸೆಯಿಂದ ಏನೂ ಬರುತ್ತಿರಲಿಲ್ಲ. ಗಾಜಿನ ಕೀಲುಗಳಿಗೆ ಮೆತ್ತಲು ನಾನು ಚನ್ನಪಟ್ಟಣಕ್ಕೆ ಹೋಗಿ ಬೊಂಬೆ ಮಾಡುವವರಿಂದ ಅರಗು ತಂದೆ. ಅವರ ಹತ್ತಿರ ಬಣ್ಣ ಹಾಕಿದ ಅರಗೇ ಹೆಚ್ಚು. ಹೀಗಾಗಿ ನಮ್ಮ ಕೊಳವೆಗೆ ಒಂದು ಕೀಲು ಕೆಂಪು, ಒಂದು ಹಳದಿ, ಒಂದು ಹಸಿರು. “ಇದೇನು ಸಂಶೋಧನೆಯೋ, ತೊಟ್ಟಿಲಿಗೆ ಕಟ್ಟೋ ಗಿಲಕಿಯೋ?” ಎಂದು ಡಾಕ್ಟರು ಗೊಣಗಿದರು. ಗೊಣಗಲಿ, ಸೋರಲಿಲ್ಲವಲ್ಲ. ನಿಮಗೊಂದು ಮಾತು: ಮೇಲಿನವರು ಬಣ್ಣದ ಬಗ್ಗೆ ಗೊಣಗಿದರೆ ವಸ್ತು ಚೆನ್ನಾಗಿದೆ ಎಂದು ಅರ್ಥ. ವಸ್ತು ಕೆಟ್ಟಿದ್ದರೆ ಬಣ್ಣ ನೋಡುವಷ್ಟು ಪುರಸೊತ್ತು ಅವರಿಗಿರುವುದಿಲ್ಲ.

ಇನ್ನೊಂದು ಮಾತು, ವೋಲ್ಟೇಜು ಇರುವ ಕಡೆ ಒಂದು ಕೈ ಜೇಬಿನಲ್ಲಿರಬೇಕು. ಎರಡು ಕೈಯಲ್ಲೂ ಮುಟ್ಟಿದರೆ ಕರೆಂಟು ಎದೆಯ ಮೂಲಕ ಹಾದು ಹೋಗುತ್ತದೆ. ಇದನ್ನು ನಮಗೆಲ್ಲ ದಿನಾ ಉಪದೇಶ ಮಾಡುತ್ತಿದ್ದ ಡಾಕ್ಟರೇ ಒಮ್ಮೆ ವೋಲ್ಟೇಜು ಏರಿಸುವ ತಂತಿಯ ಕಾಯಿಲ್ ಸರಿಪಡಿಸಲು ಹೋಗಿ ಬಲಗೈ ಸುಟ್ಟುಕೊಂಡರು. ಮೂಳೆಗೆ ಏನೂ ಆಗಲಿಲ್ಲ, ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡು ಕೂತರು. ಕತೆ ಶುರುವಾಗುವುದು ಇಲ್ಲಿಂದ.

ಅಲ್ಲಿಯವರೆಗೆ ತಾಮ್ರದ ಬಿಲ್ಲೆಯನ್ನು ಕೊಳವೆಯೊಳಗೆ ಕೂರಿಸುತ್ತಿದ್ದವರು ಡಾಕ್ಟರೇ. ಅವರ ಕೈ ಕೆಟ್ಟ ಮೇಲೆ ಆ ಕೆಲಸ ಅವರ ಸಹಾಯಕರಾದ ನರಹರಿ ಜೋಯಿಸರಿಗೆ ಬಂತು. ಜೋಯಿಸರು ಮಳವಳ್ಳಿಯ ಅರ್ಚಕರ ಮನೆಯವರು, ಬಿ.ಎಸ್ಸಿ. ಮಾಡಿದವರು. ಒಳ್ಳೆಯ ಮನುಷ್ಯ. ಲೆಕ್ಕದಲ್ಲಿ ಹುಲಿ, ಮಡಿಯಲ್ಲೂ ಹುಲಿ. ನನ್ನ ಜೊತೆ ದಿನವೆಲ್ಲ ಮಾತಾಡುತ್ತಿದ್ದರು, ನಗುತ್ತಿದ್ದರು, ಆದರೆ ಇಬ್ಬರ ನಡುವೆ ಒಂದು ಮೇಜು ಇರಬೇಕು. ನನಗೂ ಅಭ್ಯಾಸವಾಗಿತ್ತು. ಅಳತೆ ಮಾಡಿದಂತೆ ದೂರ ನಿಲ್ಲುವುದನ್ನು ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಾಗಿರಲಿಲ್ಲ.

ಅದೇ ಸಮಯಕ್ಕೆ ಬಿಲ್ಲೆಗೆ ತಾಮ್ರ ಮುಗಿಯಿತು. ಯುದ್ಧದಲ್ಲಿ ತಾಮ್ರ ಎಲ್ಲಿಂದ ಬರಬೇಕು? ಮಳವಳ್ಳಿಯಲ್ಲಿ ಒಬ್ಬ ಅಜ್ಜಮ್ಮನ ಮನೆಯಲ್ಲಿ ಹಳೆಯ ಕಾಲದ ನೀರೊಲೆ ಹಂಡೆ ಇದೆ, ದಪ್ಪ ತಾಮ್ರ ಎಂದು ಪತ್ತೆ ಹಚ್ಚಿ ಹೋದೆ.

“ಅಂಡೆ ಕೊಟ್ಬುಟ್ಟು ನಾನು ಯಾತರಾಗೆ ನೀರ್ ಕಾಯ್ಸಾನಾ?” ಎಂದಳು ಅಜ್ಜಮ್ಮ.

“ಕಬ್ಬಿಣದ ಡ್ರಮ್ಮು ತಂದ್ಕೊಡ್ತೀನಿ ಕಣಮ್ಮ. ಹಂಡೆಗಿಂತ ಬೇಗ ಕಾಯ್ತದೆ.”

“ಬ್ಯಾಗ ಕಾದ್ರೆ ನಂಗೇನ್ಲಾ, ನಾನೇನು ಕಚೇರಿಗೆ ಓಯ್ತೀನಾ?”

ಚೌಕಾಸಿಯಲ್ಲಿ ಉತ್ತರ ಇಲ್ಲದಾಗ ಸುಮ್ಮನೆ ಕೂರಬೇಕು. ಕೂತೆ. ಕೂತು ಅವಳ ಮನೆಯ ಕೆಟ್ಟ ಲಾಟೀನು ಬಿಚ್ಚಿ ಸರಿಮಾಡಿದೆ. ಸ್ಟವ್ವು ಬಿಚ್ಚಿದೆ. ಬಾಗಿಲ ಚಿಲಕ ಬಿಗಿ ಮಾಡಿದೆ. ಸಂಜೆ ಹೊತ್ತಿಗೆ, “ಓಗ್ಲಿ, ಡ್ರಮ್ಮು ಮೊದ್ಲು ತತ್ತಾ” ಎಂದಳು. ಹಂಡೆ ಗಾಡಿ ಹತ್ತಿತು. ಅದನ್ನು ಕಾಯಿಸಿ, ಬಡಿದು, ಕತ್ತರಿಸಿ, ಉಜ್ಜಿ, ಕನ್ನಡಿಯಂತೆ ಹೊಳೆಯುವ ಬಿಲ್ಲೆಗಳನ್ನು ಮಾಡಿದೆ. ಒಂದೊಂದನ್ನೂ ಭಟ್ಟಿ ಇಳಿಸಿದ ನೀರಿನಲ್ಲಿ ಕುದಿಸಿ ಗಾಜಿನ ತಟ್ಟೆಯಲ್ಲಿಟ್ಟು ಮುಚ್ಚಿಡುತ್ತಿದ್ದೆ. ಜೋಯಿಸರು ತಟ್ಟೆಯನ್ನು ಒಳಕೋಣೆಗೆ ಒಯ್ದು ಬಿಲ್ಲೆ ಕೂರಿಸುತ್ತಿದ್ದರು.

ಹೊಸ ತಾಮ್ರದ ಮೊದಲ ಬಿಲ್ಲೆಗೆ ಅಯಾನು ಬಡಿದ ಕೂಡಲೇ ಅದರ ಮೇಲೆ ಹಳದಿ ಬೆಳಕು ಹೊತ್ತಿಕೊಂಡಿತು. ಅರಿಸಿನ ಬಳಿದ ಹಾಗೆ, ಬಿಲ್ಲೆಯ ನಡುವೆ ಒಂದು ಬೊಟ್ಟು. ಹಿಂದೆ ಯಾವತ್ತೂ ಕಂಡದ್ದಲ್ಲ, ಹಳೆಯ ಬಿಲ್ಲೆಗಳ ಮೇಲೆ ಮಂಕು ನೀಲಿ ಬಿಟ್ಟರೆ ಏನೂ ಇರುತ್ತಿರಲಿಲ್ಲ. ಡಾಕ್ಟರು ಬಟ್ಟೆ ಸುತ್ತಿದ ಕೈಯನ್ನೇ ಮೇಲೆತ್ತಿ ಕುಣಿದುಬಿಟ್ಟರು. ಕಣ್ಣಾರೆ ನೋಡಿದ ಸಂತೋಷದಲ್ಲಿ ಬೆಂಗಳೂರಿನ ಹಿರಿಯ ಪ್ರೊಫೆಸರೊಬ್ಬರಿಗೆ, ಹೊಸ ಬೆಳಕು ಕಂಡಿದ್ದೇನೆ, ಬಂದು ನೋಡಿ ಎಂದು ಬರೆದರು. ನಮ್ಮ ಸಣ್ಣ ಗ್ರಾಂಟು ಮುಂದುವರಿಯಬೇಕೋ ಬೇಡವೋ ಎಂದು ಹೇಳುವವರೂ ಅದೇ ಪ್ರೊಫೆಸರು. ಬರುವ ಸೋಮವಾರ ಬರುತ್ತೇನೆ ಎಂದು ಅವರಿಂದ ಉತ್ತರವೂ ಬಂತು.

ಪತ್ರ ಹಾಕಿದ ಮೇಲೆ ಡಾಕ್ಟರು ಸ್ಪೆಕ್ಟ್ರೋಸ್ಕೋಪು ತೆಗೆದರು. ನೀವು ಮೊದಲು ಸ್ಪೆಕ್ಟ್ರೋಸ್ಕೋಪು ತೆಗೆಯಿರಿ, ಪತ್ರ ಆಮೇಲೆ. ಬೆಳಕನ್ನು ಒಡೆದು ನೋಡಿದರೆ ಒಂದರ ಪಕ್ಕ ಒಂದು ಎರಡು ಹಳದಿ ಗೆರೆ. ಸ್ಪಿರಿಟ್ ದೀಪಕ್ಕೆ ಅಡುಗೆ ಉಪ್ಪು ಹಿಡಿದು ನೋಡಿದರೆ ಅವೇ ಗೆರೆ, ಅದೇ ಜಾಗ. ಅದು ತಾಮ್ರದ ಬೆಳಕಲ್ಲ, ಉಪ್ಪಿನಲ್ಲಿರುವ ಸೋಡಿಯಂನದು.

ಡಾಕ್ಟರ ಮುಖ ಬಿಳಿಚಿಕೊಂಡಿತು. “ಗಫಾರ್, ಇಲ್ಲಿ ಬಾರಪ್ಪ. ಈ ತಾಮ್ರ ಎಲ್ಲಿಂದ ತಂದೆ?”

ಹಂಡೆಯ ಕತೆ ಹೇಳಿದೆ.

“ಹಂಡೆ! ಐವತ್ತು ವರ್ಷ ಬಾವಿ ನೀರು ಕುದಿಸಿದ ಹಂಡೆ! ಅದರ ಮೈಯಲ್ಲಿ ಉಪ್ಪು ಅಲ್ಲದೆ ಇನ್ನೇನಿರತ್ತೆ?”

“ಕೆರೆದು, ಕುದಿಸಿ, ಉಜ್ಜಿದ್ದೀನಿ ಸಾರ್. ಒಳಗಡೆ ಶುದ್ಧ ತಾಮ್ರ.”

“ಹಾಗಾದ್ರೆ ಹಳದಿ ಯಾಕೆ? ಹಳೇ ತಾಮ್ರದಲ್ಲಿ ಇರಲಿಲ್ಲ, ನಿನ್ನ ತಾಮ್ರದಲ್ಲಿ ಇದೆ.”

ಮಾತು ನ್ಯಾಯವಾಗೇ ಇತ್ತು, ಅದೇ ಕಷ್ಟ. ನಾನು ಇನ್ನೊಂದು ಬಿಲ್ಲೆ ಮಾಡಿದೆ, ಇನ್ನೂ ಹೊತ್ತು ಉಜ್ಜಿದೆ, ಇನ್ನೂ ಹೊತ್ತು ಕುದಿಸಿದೆ. ಹಳದಿ ಇನ್ನೂ ಜೋರಾಯಿತು. ಮೂರನೆಯದನ್ನು ಮೈ ಬೆವರುವವರೆಗೆ ಉಜ್ಜಿದೆ. ಅದು ಮದುವೆಮನೆ ದೀಪದಂತೆ ಉರಿಯಿತು. ಡಾಕ್ಟರು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು. ಮೆತ್ತಗೆ ಹೇಳಿದರು: “ಸೋಮವಾರ ಪ್ರೊಫೆಸರು ಬರ್ತಾರೆ. ಉಪ್ಪಿನ ಬೆಳಕು ತೋರಿಸಿ ಹೊಸ ಬೆಳಕು ಅಂದ್ರೆ ಈ ಲ್ಯಾಬು ಅವತ್ತೇ ಮುಚ್ಚಿತು. ಅಷ್ಟರೊಳಗೆ ಹಳದಿ ಹೋಗದಿದ್ರೆ, ತಾಮ್ರ ಕಲಬೆರಕೆ, ತಂದವನು ಮೋಸ ಮಾಡಿದ ಅಂತ ನಾನು ಹೇಳಬೇಕಾಗತ್ತೆ. ಬೇರೆ ದಾರಿ ಇಲ್ಲ. ನೀನೂ ಬೇರೆ ಕೆಲಸ ನೋಡ್ಕೋಬೇಕಾಗತ್ತೆ.”

ಕೆಲಸ ಹೋದರೆ ಇನ್ನೊಂದು ಸಿಗುತ್ತದೆ. ‘ಕಲಬೆರಕೆ ಗಫಾರ್’ ಎಂದು ಹೆಸರು ಬಿದ್ದರೆ ಮದ್ದೂರಿನಿಂದ ಮಳವಳ್ಳಿಯವರೆಗೆ ಯಾರು ನನಗೆ ಒಂದು ಮೊಳೆ ಕೊಡುತ್ತಾರೆ? ಕೊಂಡು ತರುವವನಿಗೆ ಹೆಸರೇ ಬಂಡವಾಳ. ಜೋಯಿಸರು ಮಾತ್ರ ಮರುಕದಿಂದ, “ಯೋಚನೆ ಮಾಡಬೇಡಿ ಸಾಬ್ರೆ, ನಾನೂ ನನ್ನ ಕೈಲಾದ್ದು ಮಾಡ್ತಾ ಇದ್ದೀನಿ” ಎಂದರು. ಮಾಡುತ್ತಿದ್ದರು, ನಿಜ.

ಶನಿವಾರ ಮಧ್ಯಾಹ್ನ ನಾನು ಸಾಮಾನು ಜೋಡಿಸಿಡುತ್ತಿದ್ದೆ. ಚಿಕ್ಕೇಗೌಡ ಪಂಪಿನ ಪಕ್ಕ ಕೂತು ಬೀಡಿ ಹಚ್ಚುತ್ತಾ, “ನೀವು ಇಲ್ಲಿಂದ ಓದ್ರೆ ನಂಗೆ ಬೇಜಾರೇಯ ಸಾಬ್ರೆ. ಆದ್ರೆ ಬೆಳಿಗ್ಗೆ ಒಂದ್ ಕೆಲ್ಸ ಕಮ್ಮಿ ಆಯ್ತದೆ ಬುಡಿ” ಎಂದ.

“ಯಾವ ಕೆಲಸನಪ್ಪ?”

“ಗಂಜ್ಲ ಇಡಿಯೋದು. ನಮ್ಮ ಕೆಂದ ಅಸಾನೂ ಬೇಸತ್ತೋಗದೆ. ಚೊಂಬು ಕಂಡ್ರೆ ಒದಿಯಕ್ಕೆ ಬತ್ತದೆ.”

“ದನದ ಗಂಜಲ ಯಾರಿಗೆ?”

“ಇನ್ಯಾರ್ಗೆ? ಜೋಯಿಸ್ರಿಗೆ. ನೀವು ಮುಟ್ಟಿದ್ ಬಿಲ್ಲೆ ಸುದ್ದ ಮಾಡಕ್ಕೆ. ಮೊದ್ಲು ಚಿಟಕ್ನೆ ಚುಮುಕಿಸ್ತಿದ್ರು. ನೀವು ಜಾಸ್ತಿ ಉಜ್ಜಿದ್ರಾ, ಅವ್ರೂ ಜಾಸ್ತಿ ಕೇಳಿದ್ರು. ನೆನ್ನೆ ಬಿಲ್ಲೇನ ಅದ್ರಾಗೇ ಮುಳುಗ್ಸಿಟ್ಟಿದ್ರು.”

ಜೋಡಿಸುತ್ತಿದ್ದ ಸಾಮಾನು ಕೆಳಗಿಟ್ಟೆ. “ಲೇ ಗೌಡ, ಇದನ್ನ ಮೊದಲೇ ಹೇಳಬಾರದಿತ್ತೇನ್ಲಾ?”

ಚಿಕ್ಕೇಗೌಡನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. “ಅದ್ರಾಗೆ ಹೇಳಾದೇನದೆ ಸಾಬ್ರೆ? ಮುಟ್ಟಿದ್ದ ಸುದ್ದ ಮಾಡದು ಲೋಕಕ್ಕೇ ಗೊತ್ತಿರಾದಲ್ವಾ?”

ಆಮೇಲೆ ಜೋಯಿಸರೇ ನನಗೆ ವಿವರಿಸಿದರು. ಬಿಲ್ಲೆಯನ್ನು ಬರಿಗೈಯಲ್ಲೇ ಹಿಡಿದು ಕೂರಿಸಬೇಕು. ನನ್ನ ಕೈ ತಗುಲಿದ್ದನ್ನು ಹಿಡಿದರೆ ಅವರು ಸ್ನಾನ ಮಾಡಬೇಕು. ಎಷ್ಟು ಸಲ ಬಿಲ್ಲೆ ಬದಲಾದರೆ ಅಷ್ಟು ಸಲ ಚಳಿಯಲ್ಲಿ ಮುಳುಗುವುದಕ್ಕಿಂತ ಬಿಲ್ಲೆಗೇ ಸ್ನಾನ ಮಾಡಿಸುವುದು ಸುಲಭ ಎಂದು ಲೆಕ್ಕ ಹಾಕಿದ್ದರು. ಗಂಜಲ ಒಣಗಿದರೆ ಬರಿಗಣ್ಣಿಗೆ ಏನೂ ಕಾಣದು, ಉಪ್ಪು ಮಾತ್ರ ಉಳಿಯುತ್ತದೆ. ನಾನು ಎಷ್ಟು ಉಜ್ಜಿದರೆ ನನ್ನ ಕೈ ಅಷ್ಟು ಹೆಚ್ಚು ತಗುಲಿತು. ನನ್ನ ಕೈ ಎಷ್ಟು ತಗುಲಿದರೆ ಅಷ್ಟು ಹೆಚ್ಚು ಶುದ್ಧಿ. ಶುದ್ಧಿ ಹೆಚ್ಚಿದಷ್ಟೂ ಹಳದಿ. ಒಬ್ಬರಿಗೊಬ್ಬರು ತಿಳಿಯದೆ ನಾವಿಬ್ಬರೂ ಸೇರಿ ಆ ದೀಪ ಉರಿಸಿದ್ದೆವು.

ಆಗ ನಾನು ಮಾಡಿದ್ದನ್ನು ಗಮನವಿಟ್ಟು ಕೇಳಿ. ಡಾಕ್ಟರ ಹತ್ತಿರ ಓಡಿಹೋಗಲಿಲ್ಲ. ಓಡಿದ್ದರೆ ಜೋಯಿಸರ ಕೆಲಸ ಹೋಗುತ್ತಿತ್ತು, ನನ್ನದು ಉಳಿಯುತ್ತಿತ್ತು, ಆಮೇಲೆ ಕೊಳವೆಯ ಲೆಕ್ಕ ಮಾಡುವವರು ಯಾರು? ಎದುರಿನವನ ಗುಟ್ಟು ಕೈಗೆ ಸಿಕ್ಕಿದರೆ ಅದನ್ನು ಖರ್ಚು ಮಾಡಬಾರದು, ಅದರ ಮೇಲೆ ಚೌಕಾಸಿ ಮಾಡಬೇಕು. ಒಳಕೋಣೆಗೆ ಹೋಗಿ ಸ್ಪಿರಿಟ್ ದೀಪ ಹಚ್ಚಿದೆ. ಮೂಲೆಯಲ್ಲಿದ್ದ ಚೊಂಬಿನಲ್ಲಿ ತಂತಿ ಅದ್ದಿ, ಜೋಯಿಸರ ಎದುರಿಗೇ ಉರಿಗೆ ಹಿಡಿದೆ. ಉರಿ ಹಳದಿಯಾಗಿ ಧಗ್ಗೆಂದಿತು. ಅವರು ಬಿ.ಎಸ್ಸಿ. ಮಾಡಿದವರು, ನಾನು ಒಂದು ಮಾತೂ ಆಡಬೇಕಾಗಲಿಲ್ಲ.

ಅವರು ಹಾಗೇ ಗೋಡೆಗೆ ಒರಗಿದರು. “ಅಯ್ಯೋ, ಉಪ್ಪು ಇರತ್ತೆ ಅಂತ ನನಗೆ ಹೊಳೀಲೇ ಇಲ್ಲವಲ್ರೀ ಸಾಬ್ರೆ. ಶುದ್ಧ ಅಂತಲೇ ತಿಳಿದಿದ್ದೆ.”

“ಅದೂ ಒಂದು ಶುದ್ಧವೇ ಸ್ವಾಮಿ. ಅಯಾನಿಗೆ ಬೇಕಾದ ಶುದ್ಧ ಬೇರೆ.”

“ಡಾಕ್ಟರಿಗೆ ಹೇಳ್ತೀರಾ?”

“ಹೇಳಲ್ಲ. ಆದ್ರೆ ನನ್ನ ಎರಡು ಮಾತು ನಡೀಬೇಕು. ತಾಮ್ರ ಶುದ್ಧ ಅಂತ ಸೋಮವಾರ ಪ್ರೊಫೆಸರ ಎದುರಿಗೆ ನಿಮ್ಮ ಬಾಯಲ್ಲೇ ಬರಬೇಕು. ಇವತ್ತಿನಿಂದ ಬಿಲ್ಲೆಯನ್ನ ನಾನೇ ಕುದಿಸಿ, ಇಕ್ಕಳದಲ್ಲಿ ಹಿಡಿದು, ನಾನೇ ಒಳಗೆ ಕೂರಿಸ್ತೀನಿ. ನಡುವೆ ಯಾರೂ ಮುಟ್ಟಬಾರದು.”

ಜೋಯಿಸರ ಮುಖದಲ್ಲಿ ಒಮ್ಮೆಗೇ ಬೆಳಕು ಬಂತು. “ಅಂದ್ರೆ ನಾನು ಬಿಲ್ಲೆ ಮುಟ್ಟೋ ಹಾಗೇ ಇಲ್ಲ?”

“ಇಲ್ಲ.”

“ಸ್ನಾನನೂ ಇಲ್ಲ?”

“ಇಲ್ಲ.”

“ಇದನ್ನ ಮೊದಲೇ ಹೇಳಬಾರದಿತ್ತೇನ್ರೀ!”

ನಾನು ಕಷ್ಟಪಟ್ಟು ಕೇಳಿದ್ದು ಅವರಿಗೆ ಉಡುಗೊರೆಯಾಗಿತ್ತು. ವ್ಯಾಪಾರದಲ್ಲಿ ಹೀಗಾದಾಗ ಮುಖ ಗಂಟು ಹಾಕಿಕೊಂಡೇ ಇರಬೇಕು, ಇಲ್ಲದಿದ್ದರೆ ಎದುರಿನವನು ಮೇಲೊಂದು ಕೇಳುತ್ತಾನೆ. ಕೇಳಿಯೂಬಿಟ್ಟರು.

“ಒಂದು ಹನಿ ತುಳಸಿ ನೀರು ಮಾತ್ರ ಪ್ರೋಕ್ಷಿಸ್ತೀನಿ.”

“ನೀರಲ್ಲೂ ಉಪ್ಪಿರತ್ತೆ ಸ್ವಾಮಿ.”

“ಹೋಗಲಿ, ಮಂತ್ರ ಹೇಳಬಹುದೋ?”

ಅದನ್ನು ನಾನು ಸ್ವಲ್ಪ ಯೋಚಿಸಿ ಒಪ್ಪಿಕೊಂಡೆ. “ಮಂತ್ರದಲ್ಲಿ ಸೋಡಿಯಂ ಇಲ್ಲ, ಹೇಳಿ. ಆದ್ರೆ ಬಾಯಿಂದ ಹನಿ ಸಿಡಿಯಬಾರದು, ಬಾಗಿಲ ಹತ್ತಿರ ನಿಂತು ಹೇಳಿ.”

ಅದೇ ಸಂಜೆ ಬಿಲ್ಲೆ ಕೂರಿಸಿದೆವು. ಕೊಳವೆಯಲ್ಲಿ ಮಂಕು ನೀಲಿ ಬಿಟ್ಟರೆ ಏನೂ ಇಲ್ಲ. ಡಾಕ್ಟರು ಸ್ಪೆಕ್ಟ್ರೋಸ್ಕೋಪಿಗೆ ಕಣ್ಣಿಟ್ಟು ಬಹಳ ಹೊತ್ತು ಹುಡುಕಿದರು, ಹಳದಿ ಗೆರೆ ಸಿಗಲಿಲ್ಲ. ತಲೆಯೆತ್ತಿ ನನ್ನನ್ನು ನೋಡಿದರು, ಜೋಯಿಸರನ್ನು ನೋಡಿದರು, ಮೂಲೆಯಲ್ಲಿ ಬೋರಲು ಹಾಕಿದ ಚೊಂಬನ್ನೂ ನೋಡಿದರು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ವಿಲಾಯಿತಿಯಿಂದ ಬಂದ ಮೇಲೆ ಅವರ ಮನೆಯವರು ಅವರನ್ನು ಶುದ್ಧ ಮಾಡಿಸಿಯೇ ಒಳಗೆ ಕರೆದುಕೊಂಡದ್ದಂತೆ. ಯಾವುದನ್ನು ಕೇಳಬಾರದು ಎಂಬುದು ಅವರಿಗೆ ಅಲ್ಲೇ ಅಭ್ಯಾಸವಾಗಿತ್ತೇನೋ.

ಸೋಮವಾರ ಪ್ರೊಫೆಸರು ಕೋಟು, ಪೇಟ, ಛತ್ರಿ ಸಮೇತ ರೈಲಿನಿಂದ ಇಳಿದರು. ಕತ್ತಲೆ ಕೋಣೆಯಲ್ಲಿ ಕೊಳವೆಯ ಮುಂದೆ ಬಗ್ಗಿ ನಿಂತರು. ನಿಂತೇ ಇದ್ದರು.

“ಹೊಸ ಬೆಳಕು ಎಲ್ಲಿದೆ ಸೇತುರಾಮಯ್ಯ?”

“ಹೋಯಿತು ಸಾರ್” ಎಂದರು ಡಾಕ್ಟರು, ಮಗ್ಗಿ ತಪ್ಪಿದ ಹುಡುಗನಂತೆ. “ಅದು ಸೋಡಿಯಂ. ಕೊಳೆ. ಪತ್ರ ಬರೆದ ಮೇಲೆ ಗೊತ್ತಾಯಿತು. ಈಗ ತೆಗೆದಿದ್ದೀವಿ.”

“ಅಂದರೆ, ಏನೂ ಇಲ್ಲದ್ದನ್ನು ನೋಡಲು ನಾನು ಬೆಂಗಳೂರಿನಿಂದ ಬಂದೆ?”

ಪ್ರೊಫೆಸರು ಇನ್ನೊಮ್ಮೆ ಬಗ್ಗಿ ನೋಡಿದರು. “ತಾಮ್ರ ಯಾವುದು? ಈ ಯುದ್ಧದ ಕಾಲದಲ್ಲಿ ನಮಗೇ ಇಷ್ಟು ಶುದ್ಧವಾದದ್ದು ಸಿಗುತ್ತಿಲ್ಲ.”

ನಾನು ಜೋಯಿಸರ ಕಡೆ ನೋಡಿದೆ. ಅವರು ಗಂಟಲು ಸರಿಮಾಡಿಕೊಂಡರು. “ನಮ್ಮ ಗಫಾರ್ ಸಾಹೇಬರು ಮಳವಳ್ಳಿಯಿಂದ ತಂದದ್ದು ಸಾರ್. ಅಪ್ಪಟ ತಾಮ್ರ. ಕೊಳೆ ತಾಮ್ರದ್ದಾಗಿರಲಿಲ್ಲ, ಹಿಡಿಯೋ ಕ್ರಮದ್ದು. ಕ್ರಮ ಬದಲಾಯಿಸಿದ್ವಿ.” ಮಳವಳ್ಳಿ ಎಂದು ಹೇಳುವಾಗ ಅವರ ದನಿಯಲ್ಲಿ ಊರಿನ ಜಂಬವೂ ಸೇರಿತ್ತು.

“ತಮ್ಮ ಕೊಳೆಯನ್ನ ತಾವೇ ಪತ್ತೆ ಹಚ್ಚಿದ ಲ್ಯಾಬು ಇತ್ತೀಚೆಗೆ ನೋಡಿರಲಿಲ್ಲ” ಎಂದು ಪ್ರೊಫೆಸರು ಪೇಟ ಸರಿಮಾಡಿಕೊಂಡರು. ಗ್ರಾಂಟು ಉಳಿಯಿತು. ಕೆಲಸ ಉಳಿಯಿತು. ನನ್ನ ಹೆಸರೂ ಉಳಿಯಿತು. ಸ್ವರಾಜ್ಯ ಬಂದ ವರ್ಷ ಆ ಕೊಳವೆಯನ್ನು, ಆ ಬಣ್ಣದ ಅರಗಿನ ಸಮೇತ, ಹೊತ್ತುಕೊಂಡು ಡಾಕ್ಟರು ಬೆಂಗಳೂರಿಗೆ ಹೋದಾಗ ನಾನೂ ಹೋದೆ. ಅಲ್ಲಿಂದ ಮುಂದೆ ಯಾವ ಹುದ್ದೆಯಿಂದ ಯಾವ ಹುದ್ದೆಗೆ ಏರಿದೆ ಎಂಬುದು ನಿಮಗೆ ಬೇಕಾಗಿಲ್ಲ. ಹುದ್ದೆ ಏರಿದವನ ಕೈಗೆ ಇಕ್ಕಳ ಸಿಗುವುದಿಲ್ಲ, ಅಷ್ಟು ತಿಳಿದುಕೊಳ್ಳಿ ಸಾಕು.

ಪ್ರೊಫೆಸರು ಬಂದು ಹೋದ ಮಾರನೆಯ ಬೆಳಿಗ್ಗೆಯದು ಮಾತ್ರ ಹೇಳಿ ಮುಗಿಸುತ್ತೇನೆ. ಕುದಿಸಿದ ಬಿಲ್ಲೆಯನ್ನು ಇಕ್ಕಳದಲ್ಲಿ ಹಿಡಿದು ನಾನು ಒಳಕೋಣೆಗೆ ಹೊರಟಿದ್ದೆ. ಜೋಯಿಸರು ಮರೆತು ದಾರಿಗೆ ಅಡ್ಡ ಬಂದರು. “ದೂರ ನಿಲ್ಲಿ ಸ್ವಾಮಿ” ಎಂದೆ. ಅವರು ಪಂಚೆಯ ತುದಿ ಎತ್ತಿ ಹಿಡಿದು, ಉಸಿರು ಬಿಗಿಹಿಡಿದು, ಗೋಡೆಗೆ ಅಂಟಿಕೊಂಡು ನಿಂತರು. ನೆರಳೂ ಬಿಲ್ಲೆಯ ಮೇಲೆ ಬೀಳದ ಹಾಗೆ ನಿಂತರು. ಎಷ್ಟು ಚೊಕ್ಕವಾಗಿ ನಿಂತರು! ಬೇರೆಯವರು ತಮಗೆ ದಾರಿ ಬಿಟ್ಟು ಹಾಗೆ ನಿಲ್ಲುವುದನ್ನು ಅವರು ಚಿಕ್ಕಂದಿನಿಂದ ನೋಡುತ್ತಲೇ ಬಂದಿದ್ದರು, ದಾರಿಯ ಈಚೆಗಿದ್ದುಕೊಂಡು.

ಚಿಕ್ಕೇಗೌಡ ಬೀಡಿ ಬಾಯಿಂದ ತೆಗೆದ. “ಇದೇನ್ ಸಾಬ್ರೆ, ನೀವು ಯಾವಾಗ ಮಡಿ ಸುರು ಅಚ್ಕಂಡ್ರಿ?”

ಜೋಯಿಸರೇ ಗೋಡೆಯ ಹತ್ತಿರದಿಂದ ಗದರಿದರು: “ಮಾತಾಡಿಸಬೇಡ ಕಣೋ ಅವರನ್ನ. ಉಗುಳು ಸಿಡಿಯತ್ತೆ.”